ಹದಿಮೂರನೇ ಸ್ಟೇಶನ್ನು

ನನಗೆ ಎರಡು ಹೊತ್ತು ಊಟ ಹಾಕುವ ರಾಚವ್ವ ಕಾಕುಗೆ ಲೋಕಲ್ ರೈಲು ಹತ್ತುವುದನ್ನು ಕಲಿಸಿದವನು ನಾನು. ಹಾಗಂತ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಹಸಿರು ಬಣ್ಣದಲ್ಲಿ ದಾಖಲಾಗಿದೆ. ಆಕೆ ನಿಜವಾಗಿ ಕಲಿತಳೋ ಇಲ್ಲವೋ, ಕಲಿತಿದ್ದರೆ ಏನನ್ನು ಕಲಿತಳು, ಅದನ್ನು ಕಲಿಸಿದ್ದು ನಾನೋ ಬೇರೆ ಯಾರೋ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ತಲೆ ಕೆರೆದುಕೊಂಡು ಮಾತು ಬದಲಿಸುತ್ತೇನೆ.

ನನ್ನ ಹೆಸರು ಶ್ರೀಮಂತ. ಸಂಬಳವಾದ ವಾರ ಬಿಟ್ಟರೆ ಮಿಕ್ಕ ದಿನಗಳಲ್ಲಿ ಈ ಹೆಸರನ್ನು ಸ್ವಲ್ಪ ಮೆತ್ತಗೆ ಹೇಳಿಕೊಳ್ಳುತ್ತೇನೆ. ಊರು ಬೆಳಗಾವಿ, ಕೆಲಸ ಗೋರೆಗಾಂವದ ಒಂದು ಕಾಲ್ ಸೆಂಟರಿನಲ್ಲಿ. ಯಾರದೋ ಮನೆಯ ಫ್ರಿಜ್ಜು ತಣ್ಣಗಾಗದಿದ್ದರೆ ಅವರು ನನ್ನನ್ನು ಬಯ್ಯುತ್ತಾರೆ, ನಾನು ಅವರಿಗೆ ಥ್ಯಾಂಕ್ಸ್ ಹೇಳುತ್ತೇನೆ. ಇರುವುದು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಮೂವರು ಸೇರಿ ಬಾಡಿಗೆ ಹಿಡಿದ ಮೇಲಿನ ಖೋಲಿ. ಕೆಳಗೆ ರಾಚವ್ವ ಕಾಕುವಿನ ಖಾನಾವಳಿ.

ಖಾನಾವಳಿ ಅಂದರೆ ಬೋರ್ಡು ಗೀರ್ಡು ಏನೂ ಇಲ್ಲ. ಒಂದೇ ಖೋಲಿ. ಹಗಲು ಅದು ಅಡಿಗೆಮನೆ, ಊಟದ ಹೊತ್ತಿಗೆ ಪಡಸಾಲೆ, ಆಮೇಲೆ ಆಕೆ ಮಲಗುವ ಜಾಗ. ವಿಜಯಪುರ, ಇಂಡಿ, ಸಿಂದಗಿ ಕಡೆಯಿಂದ ಬಂದ ಸೆಂಟ್ರಿಂಗಿನವರು, ವಾಚ್‌ಮನ್ನರು, ನನ್ನಂಥ ಹೆಡ್‌ಫೋನಿನ ಕೂಲಿಯವರು ಪಾಳಿಯಲ್ಲಿ ಬಂದು ಉಂಡು ಏಳುತ್ತೇವೆ. ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರು ಊರಿಗೆ ಫೋನು ಮಾಡಿ ಜಗಳವಾಡಿ ಬಂದು ರೊಟ್ಟಿ ಬಿಟ್ಟು ಏಳುತ್ತಾರೆ ಎಂಬುದೆಲ್ಲ ಆಕೆಗೆ ಗೊತ್ತು. ಬಿಟ್ಟು ಎದ್ದವನನ್ನು ಬಾಗಿಲಲ್ಲೇ ಅಡ್ಡಹಾಕಿ, "ಸಿಟ್ಟು ಆಕಿ ಮ್ಯಾಲ, ನನ್ನ ರೊಟ್ಟಿ ಏನ ಮಾಡೀತು? ಕೂಡು," ಎಂದು ಮತ್ತೆ ಕೂರಿಸುತ್ತಾಳೆ. ದನಿ ಎಂಥದ್ದೆಂದರೆ, ಮೇಲಿನ ಖೋಲಿಯಲ್ಲಿ ನಾವು ಅಲಾರ್ಮ್ ಇಟ್ಟುಕೊಳ್ಳುವುದಿಲ್ಲ.

ಇಂಥ ರಾಚವ್ವ ಕಾಕು ಇಷ್ಟು ವರ್ಷ ಮುಂಬೈಯಲ್ಲಿದ್ದೂ ಒಬ್ಬಳೇ ಲೋಕಲ್ ಹತ್ತಿದವಳಲ್ಲ. ಎಲ್ಲಿಗೆ ಹೋಗುವುದಿದ್ದರೂ ಗಂಡ ಸಿದ್ದರಾಮಪ್ಪ ಮುಂದೆ, ಈಕೆ ಹಿಂದೆ. ಆತ ಈಕೆಯನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ, ತಾನು ಪಕ್ಕದ ಡಬ್ಬಿಯಲ್ಲಿ ನಿಂತು, ಇಳಿಯುವ ಸ್ಟೇಶನ್ನು ಬಂದಾಗ ಕಿಟಕಿಯ ಸರಳಿಗೆ ಉಂಗುರದಿಂದ ಟಣ್ ಟಣ್ ಬಡಿಯುತ್ತಿದ್ದನಂತೆ. ಆ ಸದ್ದು ಕೇಳಿದರೆ ಇಳಿಯುವುದು, ಕೇಳದಿದ್ದರೆ ಕೂಡುವುದು. ಎರಡು ವರ್ಷದ ಹಿಂದೆ ಸಿದ್ದರಾಮಪ್ಪ ತೀರಿಕೊಂಡ. ಆಮೇಲೆ ಕಾಕು ಜೋಗೇಶ್ವರಿ ಬಿಟ್ಟು ಕದಲಲಿಲ್ಲ. ತರಕಾರಿ ಬಾಗಿಲಿಗೆ ಬರುತ್ತದೆ, ಉಣ್ಣುವವರೂ ಬಾಗಿಲಿಗೆ ಬರುತ್ತಾರೆ, ರೈಲು ಯಾತಕ್ಕೆ?

ರೈಲು ಬೇಕಾಗಿದ್ದು ಮಗಳಿಗಾಗಿ. ಒಬ್ಬಳೇ ಮಗಳು ನೇತ್ರಾ. ಗ್ರಾಂಟ್ ರೋಡಿನಲ್ಲಿ ಉಡುಪಿ ಕಡೆಯ ಹೋಟೆಲಿನವರ ಮಗ ತಿಲಕ್‌ನನ್ನು ಮೆಚ್ಚಿ ಮದುವೆಯಾಗಿದ್ದಾಳೆ. ಈಗ ಬಸುರಿ, ದಿನ ತುಂಬಿವೆ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಆದರೆ ತವರು ಅಂದರೆ ನಾಲ್ವತ್ತು ಮಂದಿ ಗಂಡಸರು ಪಾಳಿಯಲ್ಲಿ ಉಂಡು ಏಳುವ ಖೋಲಿ. ಬೀಗತಿ ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟು, "ಇಲ್ಲಿ ಎಲ್ಲಿ ಮಲಗಿಸುದು ಮಾರಾಯ್ತಿ? ನಮ್ಮಲ್ಲೇ ಇರಲಿ," ಎಂದುಬಿಟ್ಟಳು. ಅದು ಸರಿಯೇ ಎಂದು ಕಾಕುಗೂ ಗೊತ್ತು. ಅದಕ್ಕೇ ಹೆಚ್ಚು ಉರಿಯಿತು.

"ಇರ್ಲಿ. ಮಗಳು ನಿಮ್ಮ ಮನ್ಯಾಗ ಇರ್ಲಿ, ಊಟ ನಾ ತರ್ತೀನಿ," ಅಂದಳು.

"ಅತ್ತೆ, ನಮ್ಮದು ಹೋಟೆಲು," ಎಂದ ತಿಲಕ್, ನಗುತ್ತ. "ಅಡಿಗೆಯವರೇ ಎಂಟು ಜನ ಇದ್ದಾರೆ."

"ಬಾಣಂತಿ ಏನ ಗಿರಾಕಿ ಏನಪಾ?"

ತಿಲಕ್ ಕೆಟ್ಟವನಲ್ಲ. ಅತ್ತೆ ಬಿಸಿ ಡಬ್ಬಿ ಹಿಡಿದು ರೈಲಿನ ಗದ್ದಲದಲ್ಲಿ ಎಲ್ಲಾದರೂ ಬಿದ್ದರೆ ಎಂಬ ಭಯ ಅವನಿಗೆ. ಕಡೆಗೆ ಒಂದು ಮಾತಿಗೆ ಒಪ್ಪಿದ: "ಒಂದು ದಿನ ನೀವೊಬ್ಬರೇ ಸರಿಯಾಗಿ ಬಂದು ಮುಟ್ಟಿ ತೋರಿಸಿ. ಆದರೆ ದಿನಾ ಬನ್ನಿ. ಯಾರಾದ್ರೂ ಕರಕೊಂಡು ಬರಬೇಕು ಅಂತಾದ್ರೆ ಬೇಡ, ನಾವೇ ನೋಡಿಕೊಳ್ತೇವೆ."

ಅವತ್ತು ಕಾಕು ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಏನೋ ಕೆಲಸವಿದೆ ಎಂದು ಅಲ್ಲೇ ತಿಳಿಯಿತು.

"ಶ್ರೀಮಂತಾ, ನೀ ದಿನಾ ರೈಲಿನ್ಯಾಗ ಓಡ್ಯಾಡಾಂವ. ನನಗ ರೈಲು ಕಲಸೋ ತಮ್ಮಾ."

ನನಗೆ ಒಳಗೊಳಗೆ ಹಬ್ಬವಾಯಿತು. ಕಾರಣ ಒಳ್ಳೆಯತನವಲ್ಲ. ನಮ್ಮ ಕಂಪನಿಯಲ್ಲಿ ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಒಂದು ಕಲಿಕೆಯ ಗುರಿ ಬರೆದುಕೊಡಬೇಕು, ಅದು ಅಳೆಯುವಂತಿರಬೇಕು. ಹಿಂದಿನ ಸಲ ನಾನು "ಹೆಚ್ಚು ಆತ್ಮವಿಶ್ವಾಸದಿಂದ ಮಾತಾಡುತ್ತೇನೆ" ಎಂದು ಬರೆದಿದ್ದೆ. ಮಾತಾಡಿದೆ ಕೂಡ. ಒಂದು ವಾರದಲ್ಲಿ ನನ್ನನ್ನು ಕರೆದು, ಸ್ವಲ್ಪ ಕಡಿಮೆ ಮಾತಾಡಿ ಎಂದರು. ಈ ಸಲ "ಇನ್ನೊಬ್ಬರಿಗೆ ಒಂದು ಕೌಶಲ ಕಲಿಸುವುದು" ಎಂಬ ಖಾನೆ ಖಾಲಿಯಿತ್ತು. ತಾನಾಗಿ ನಡೆದು ಬಂದ ವಿದ್ಯಾರ್ಥಿನಿಯನ್ನು, ಅದೂ ರೊಟ್ಟಿ ಸಮೇತ, ಯಾರು ಬಿಡುತ್ತಾರೆ?

ನಮ್ಮ ಟೀಮ್ ಲೀಡರ್ ಸೋನಾಲಿ ಮ್ಯಾಡಮ್. ಅಜ್ಜ ಧಾರವಾಡದವರು, ಈಕೆ ಹುಟ್ಟಿದ್ದು ಮಲಾಡಿನಲ್ಲಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ನಡುವೆ ಹಿಂದಿಯ ಕೈ ಹಿಡಿದುಕೊಳ್ಳುತ್ತಾಳೆ. ನಾನು ಬರೆದದ್ದನ್ನು ಓದಿದಳು: "ರಾಚವ್ವ ಅವರು ರೈಲು ಪ್ರಯಾಣ ಕಲಿಯುತ್ತಾರೆ."

"ಶ್ರೀಮಂತ್, ಯೇ ಗೋಲ್ ನಹೀ ಹೈ. ಯೇ ತೋ ಆಶೀರ್ವಾದ ಹೈ. ಕಲಿತರು ಅಂತ ನನಗೆ ಹೆಂಗ್ ಗೊತ್ತಾಗ್ತದೆ?"

"ಗ್ರಾಂಟ್ ರೋಡ್ ಮುಟ್ಟತಾರಲ್ರಿ ಮ್ಯಾಡಮ್."

"ಅದು ಕೊನೇದ್ದು. ನಡುವೆ ಅಳೆಯೋದು ಏನು? ನನಗೆ ನಂಬರ್ ಕೊಡಿ ನಾ."

ನಂಬರ್! ಅವತ್ತು ಮನೆಗೆ ಬರುವಾಗ ಡಬ್ಬಿಯ ಬಾಗಿಲ ಮೇಲಿನ ನಕ್ಷೆ ನೋಡಿದೆ. ಜೋಗೇಶ್ವರಿ ಬಿಟ್ಟ ಮೇಲೆ ಅಂಧೇರಿ ಒಂದು, ಪಾರ್ಲೆ ಎರಡು... ದಾದರ್ ದಾಟಿ, ಮುಂಬಯಿ ಸೆಂಟ್ರಲ್ ದಾಟಿ, ಗ್ರಾಂಟ್ ರೋಡು ಹದಿಮೂರನೇದು. ಸ್ಲೋ ಗಾಡಿ ಎಲ್ಲ ಕಡೆ ನಿಲ್ಲುತ್ತದೆ. ಬೋರ್ಡು ಓದಬೇಕಿಲ್ಲ, ಘೋಷಣೆ ತಿಳಿಯಬೇಕಿಲ್ಲ. ಎಣಿಸಲು ಬಂದರೆ ಸಾಕು. ಸೋನಾಲಿ ಮ್ಯಾಡಮ್ ಇದನ್ನು ಕೇಳಿ ಕುರ್ಚಿಯಲ್ಲೇ ಅರ್ಧ ಎದ್ದಳು. "ಹದಿಮೂರಕ್ಕೆ ಹದಿಮೂರು ಎಣಿಸಿದ್ರೆ ನೂರಕ್ಕೆ ನೂರು. ಬ್ಯೂಟಿಫುಲ್!"

ಕಾಕುಗೂ ಇದು ಹಿಡಿಸಿತು. ಹದಿಮೂರು ಹುಣಸೆ ಬೀಜ ಆರಿಸಿ ಸೆರಗಿನ ತುದಿಗೆ ಗಂಟು ಕಟ್ಟಿದಳು. ಗಾಡಿ ನಿಂತಾಗಲೊಮ್ಮೆ ಒಂದು ಬೀಜ ಗಂಟಿನಿಂದ ತೆಗೆದು ಚೀಲಕ್ಕೆ. ಗಂಟು ಖಾಲಿಯಾದಾಗ ಇಳಿಯುವುದು.

ಇನ್ನೊಂದು ಖಾನೆಯೂ ಇತ್ತು. ಜೋಗೇಶ್ವರಿಯಲ್ಲಿ ಎರಡು ಥರದ ಲೋಕಲ್ ನಿಲ್ಲುತ್ತವೆ: ಚರ್ಚ್‌ಗೇಟಿಗೆ ಹೋಗುವ ನಮ್ಮ ಸ್ಲೋ ಗಾಡಿ, ಮತ್ತು ಬೇರೆ ಪ್ಲಾಟ್‌ಫಾರ್ಮಿನಿಂದ ಬಿಡುವ ಹಾರ್ಬರ್ ಲೈನಿನ ಗಾಡಿ. ತಪ್ಪಬಾರದೆಂದು "ಹತ್ತುವ ಮೊದಲು ಯಾರನ್ನಾದರೂ ಕೇಳುವುದು" ಎಂದು ಬರೆದೆ. ಖಾನಾವಳಿಯಲ್ಲಿ ತಾಲೀಮು ನಡೆಸಿದೆ. ಉಣ್ಣಲು ಬಂದ ಸೆಂಟ್ರಿಂಗಿನ ಯಲ್ಲಾಲಿಂಗ ಪ್ರಯಾಣಿಕ.

"ಭಾಯ್, ಯೇ ಗಾಡಿ ಗ್ರಾಂಟ್ ರೋಡ್ ಜಾತಿ ಕ್ಯಾ?" ಕಾಕು ಕೇಳಿದಳು, ಚಾಳೆಲ್ಲ ಕೇಳುವ ಹಾಗೆ.

"ಜಾತಿ ಹೈ ಮಾವಶೀ, ಆದ್ರ ಮದಲ ಪಲ್ಯಾ ಹಾಕ್ರಿ," ಎಂದ ಯಲ್ಲಾಲಿಂಗ.

ಖಾನಾವಳಿಯಲ್ಲಿ ನೂರಕ್ಕೆ ನೂರು. ನಿಜವಾದ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಬಾಯಿಗೆ ಬೀಗ. ನಾನು ದೂರ ನಿಂತು ಕೈಸನ್ನೆ ಮಾಡುತ್ತೇನೆ, ಕೇಳ್ರಿ, ಕೇಳ್ರಿ. ಆಕೆ ಪಕ್ಕದ ಹೆಂಗಸಿನ ಮುಖ ನೋಡಿ ನಗುತ್ತಾಳೆ, ಏನೋ ಒಂದು ಮಾತು ಆಡುತ್ತಾಳೆ, ಹತ್ತುತ್ತಾಳೆ. "ಕೇಳಿದ್ರೇನು?" ಅಂದರೆ "ಹೂಂ, ಮಾತಾಡ್ಸಿದೆ," ಅನ್ನುತ್ತಾಳೆ. ಮಾತಾಡಿಸುವುದು ಮತ್ತು ಕೇಳುವುದು ಒಂದೇ ಏನು? ಆ ಖಾನೆಗೆ ಏನು ಬಣ್ಣ ಬಳಿಯಬೇಕೆಂದು ತಿಳಿಯದೆ ಹಳದಿ ಬಳಿದೆ. ಹಳದಿ ಅಂದರೆ ನಮ್ಮಲ್ಲಿ, ನೋಡೋಣ.

ಕಡೆಯ ತಾಲೀಮಿನ ದಿನ ನಾನು ಪಕ್ಕದ ಡಬ್ಬಿಯ ಬಾಗಿಲಲ್ಲಿ ನಿಂತು ಕತ್ತು ಚಾಚಿ ಕಾಕುವಿನ ಡಬ್ಬಿ ನೋಡುತ್ತಿದ್ದೆ. ದಾದರಿನಲ್ಲಿ ಇಳಿಯುವವರು ನನ್ನನ್ನೂ ಹೊತ್ತುಕೊಂಡು ಇಳಿದರು. ತಿರುಗಿ ಹತ್ತುವಷ್ಟರಲ್ಲಿ ಗಾಡಿ ಹೊರಟಿತ್ತು. ಬೆವರು ಸುರಿಸುತ್ತ ಹಿಂದೆ ಬಂದ ಗಾಡಿಯಲ್ಲಿ ಗ್ರಾಂಟ್ ರೋಡ್ ಮುಟ್ಟಿದಾಗ ಕಾಕು ಬೆಂಚಿನ ಮೇಲೆ ಕೂತು ಖಾಲಿ ಸೆರಗು ಝಾಡಿಸುತ್ತಿದ್ದಳು.

"ಎಷ್ಟೊತ್ತೋ? ನೀ ಎಣಿಸೂದು ತಪ್ಪಿಸ್ದಿ ಏನು?"

ಮಾರನೇ ದಿನ ಸೋನಾಲಿ ಮ್ಯಾಡಮ್‌ಗೆ ಹೇಳಿದೆ. ಶಿಕ್ಷಕನಿಲ್ಲದೆಯೂ ವಿದ್ಯಾರ್ಥಿನಿ ಗುರಿ ಮುಟ್ಟಿದ್ದು ಇನ್ನೂ ಒಳ್ಳೆಯದು ಎಂದಳು. ಹಾಗಾದರೆ ನಾನು ಯಾತಕ್ಕೆ ಎಂದು ಒಂದು ಕ್ಷಣ ಅನ್ನಿಸಿತು.

ಮುಂದಿನ ವಾರ ನೇತ್ರಾ ಹೆತ್ತಳು, ಹೆಣ್ಣು ಮಗು. ಆಸ್ಪತ್ರೆಗೆ ತಿಲಕನೇ ಕಾರು ತಂದು ಕಾಕುವನ್ನು ಕರೆದೊಯ್ದು ತಂದುಬಿಟ್ಟ. ಬಾಣಂತಿ ಮನೆಗೆ ಬಂದ ಮೇಲಿನದು ನಮ್ಮ ಪರೀಕ್ಷೆ.

ಅವತ್ತು ಖಾನಾವಳಿಯ ಮುಂಜಾನೆಯ ಪಾಳಿಯವರಿಗೆ ಬರೀ ಚಿತ್ರಾನ್ನ. ಒಲೆಯೆಲ್ಲ ಬಾಣಂತಿಗೆ ಮೀಸಲು: ಜೋಳದ ನುಚ್ಚು, ಮೆಣಸಿನ ಸಾರು, ಬೆಳ್ಳುಳ್ಳಿ ಸುರಿದು ಮಾಡಿದ ಸಬ್ಬಸಿಗೆ ಪಲ್ಯ, ಅಂಟಿನ ಉಂಡಿ. ಹಿತ್ತಾಳೆಯ ಡಬ್ಬಿಗೆ ಬಟ್ಟೆ ಸುತ್ತಿ ಎದೆಗವಚಿಕೊಂಡು ಕಾಕು ಹೊರಟಳು. ನಾನು ಡ್ಯೂಟಿಗೆ ಹೋಗಿದ್ದೆ. ಗೋರೆಗಾಂವದ ಗಾಜಿನ ಕೋಣೆಯಲ್ಲಿ ಸೋನಾಲಿ ಮ್ಯಾಡಮ್ ಎದುರು ನನ್ನ ಮೂರು ತಿಂಗಳ ಲೆಕ್ಕ ಒಪ್ಪಿಸುವುದೂ ಅವತ್ತೇ ಬಂದಿತ್ತು. ಮಾತಿನ ನಡುವೆ ಫೋನು ಬಡಿದುಕೊಂಡಿತು.

"ಇಳದೆ ನೋಡೋ ತಮ್ಮಾ! ಬೀಜ ಎಲ್ಲಾ ಖಾಲಿ!"

ನಾನು ಫೋನಿಗೆ ಕೈ ಅಡ್ಡ ಹಿಡಿದು, "ಹದಿಮೂರಕ್ಕೆ ಹದಿಮೂರು, ಮ್ಯಾಡಮ್," ಎಂದೆ. ಆಕೆ ಅಲ್ಲಿಯೇ ಹಸಿರು ಒತ್ತಿದಳು. ನಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಹಸಿರಾದದ್ದನ್ನು ಕೆಂಪು ಮಾಡಬೇಕಾದರೆ ಪುಣೆಯ ಆಫೀಸಿನಿಂದ ಅಪ್ಪಣೆ ಬರಬೇಕು.

"ಆದ್ರ ಅಳಿಯಾ ಕಾಣವಲ್ಲ," ಎಂದಳು ಕಾಕು. "ಟಿಕೇಟ್ ಖಿಡಕಿ ಕಡೆ ನಿಂತಿರ್ತೀನಿ ಅಂದಿದ್ದ. ಇಲ್ಲಿ ಖಿಡಕೀನ ಬ್ಯಾರೇ ಕಾಣಸ್ತದ."

"ಎಲ್ಲಿ ಅದೀರಿ ಕಾಕೂ?"

"ಅಯ್ಯ! ಎಲ್ಲಿ ಅನಬ್ಯಾಡೋ ಹುಚ್ಚಾ! ಕೈಯಾಗ ಬಾಣಂತಿ ಊಟ ಅದ!"

ಎಲ್ಲಿ ಎಂದು ಕೇಳದೆ, ಎಲ್ಲಿದ್ದಾಳೆ ಎಂದು ತಿಳಿಯುವುದು ಹೇಗೆ? "ಹತ್ತೂಮುಂದ ಯಾರನ್ನರೆ ಕೇಳಿದ್ರಿಲ್ಲೋ?" ಅಂದೆ.

"ಕೇಳಿದ್ನಲ್ಲ. ಬಾಜೂಕ ಒಬ್ಬಾಕಿ ನಿಂತಿದ್ದಳು. 'ದೂರ ಜಾತೀ ಕ್ಯಾ?' ಅಂದೆ. 'ಹಾಂ ಮಾವಶೀ, ಬಹುತ್ ದೂರ' ಅಂದಳು. ನಾವೂ ದೂರನ ಹೋಗೂದಲ್ಲ, ಅದಕ್ಕ ಹತ್ತಿದೆ."

ಆಗ ನೆನಪಾಯಿತು. ಬೆಳಗಾವಿಯಲ್ಲಿ ನಾನು ಚಪ್ಪಲಿ ಮೆಟ್ಟುವಾಗೆಲ್ಲ ನನ್ನವ್ವ "ದೂರ ಹೊಂಟೀಯೇನು?" ಎಂದೇ ಕೇಳುತ್ತಿದ್ದಳು. "ದೂರ ಇಲ್ಲವಾ, ಇಲ್ಲೇ," ಎಂದು ನಾನು ಉತ್ತರ ಕೊಡುತ್ತಿದ್ದೆ, ಆಕೆಗೆ ನಿಜವಾಗಿ ಅಂತರವೇ ಬೇಕಾಗಿದೆ ಎಂದುಕೊಂಡು. ಹೊರಟವರನ್ನು "ಎಲ್ಲಿ" ಎಂದು ಕೇಳಿದರೆ, ಹೋಗುವ ಊರಿನ ಹೆಸರೆತ್ತಿದರೆ ಹೋದ ಕೆಲಸ ಕೆಡುತ್ತದೆ, ಅದಕ್ಕೇ ಆ ಮಾತನ್ನು ತಪ್ಪಿಸಿ ಬೇರೆ ಏನೋ ಕೇಳುತ್ತಾರೆ ಎಂಬುದನ್ನು ನಾನು ಈ ವಯಸ್ಸಿನಲ್ಲಿ, ಗಾಜಿನ ಕೋಣೆಯಲ್ಲಿ ನಿಂತು ಕಲಿತೆ. ಖಾನಾವಳಿಯಲ್ಲಿ ಕಾಕು ಎಲ್ಲಿಗೂ ಹೊರಟಿರಲಿಲ್ಲ. ಅಲ್ಲಿ ಎಷ್ಟು ಬೇಕಾದರೂ ಕೇಳಬಹುದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಆಕೆ ಹೊರಟವಳು, ಪಕ್ಕದಲ್ಲಿದ್ದವರೂ ಹೊರಟವರು.

"ಫೋನು ಯಾರಿಗಾರೆ ಕೊಡ್ರಿ," ಎಂದೆ. ಯಾವುದೋ ಗಂಡಸಿನ ದನಿ ಬಂತು. "ಚೆಂಬೂರ್ ಹೈ ಭಾಯ್."

ಚೆಂಬೂರು! ಎಲ್ಲ ತಿಳಿದದ್ದು ಆಮೇಲೆ. ಜೋಗೇಶ್ವರಿಯ ಸೇತುವೆಯಲ್ಲಿ ನಾವು ಯಾವಾಗಲೂ ಇಳಿಯುವ ಮೆಟ್ಟಿಲನ್ನು ಅವತ್ತು ರಿಪೇರಿಗೆಂದು ಮುಚ್ಚಿದ್ದರು. ಕಾಕು ಮಂದಿಯ ಹಿಂದೆ ಮುಂದಿನ ಮೆಟ್ಟಿಲು ಇಳಿದಿದ್ದಾಳೆ. ಅಲ್ಲಿ ಬಂದದ್ದು ಪನವೇಲ್‌ಗೆ ಹೋಗುವ ಹಾರ್ಬರ್ ಗಾಡಿ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ, ಪನವೇಲ್ ಬಹಳ ದೂರವೇ. ಮಾಹಿಮ್ ತನಕ ಎರಡೂ ಗಾಡಿ ಅವವೇ ಸ್ಟೇಶನ್ನುಗಳಲ್ಲಿ ನಿಲ್ಲುತ್ತವೆ, ಅಲ್ಲಿಂದ ಇದು ಬೇರೆ ದಿಕ್ಕಿಗೆ ಹೊರಳುತ್ತದೆ. ನಕ್ಷೆ ತೆಗೆದು ಎಣಿಸಿದೆ. ಜೋಗೇಶ್ವರಿಯಿಂದ ಆ ದಾರಿಯಲ್ಲಿ ಹದಿಮೂರನೇ ಸ್ಟೇಶನ್ನು ಚೆಂಬೂರು. ಮತ್ತೊಮ್ಮೆ ಎಣಿಸಿದೆ. ಹೌದು, ಚೆಂಬೂರೇ. ಕಾಕು ಒಂದು ಬೀಜವನ್ನೂ ತಪ್ಪಿಸಿರಲಿಲ್ಲ.

"ಒಂದು ಸ್ಟೇಶನ್ನಿಗೆ ಅಳಿಯನ ಹೆಸರೂ ಒದರಿದ್ರೋ," ಎಂದಳು ಕಾಕು, ಫೋನು ತಿರುಗಿ ತಗೊಂಡು. ದನಿ ಸಣ್ಣಗಾಗಿತ್ತು. "ತಿಲಕ್ ನಗರ್ ಅಂತ. ಇವರ ಓಣಿ ಬಂತು ಬಿಡು ಅಂತ ತಿಳಕೊಂಡೆ."

"ಅಲ್ಲೇ ಕೂಡ್ರಿ ಕಾಕೂ. ನಾ ರಜಾ ಹಾಕಿ ಬರ್ತೀನಿ, ಕರಕೊಂಡು ಹೋಗ್ತೀನಿ."

"ಬರಬ್ಯಾಡ!" ಹಳೆಯ ದನಿ ತಿರುಗಿ ಬಂತು. "ನೀ ತಂದು ಬಿಟ್ಟರ ಬೀಗತಿ ಏನಂತಾಳ? ಒಬ್ಬಾಕಿ ಬರಾಕ ಬರೂದಿಲ್ಲ ಅಂತಾಳ. ಅಳಿಯಾ ನಾಳಿಂದ ಬರಬ್ಯಾಡ್ರಿ ಅಂತಾನ. ನನ್ನ ಮಗಳು ಬಾಣಂತನದಾಗ ಹೋಟೆಲ್ ಇಡ್ಲಿ ತಿನ್ಬೇಕೇನು? ಇಡು ಫೋನು."

ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆ ಮಧ್ಯಾಹ್ನ ನಾನು ಎಷ್ಟು ಮಂದಿಯ ಫ್ರಿಜ್ಜಿನ ದೂರಿಗೆ ವಾಶಿಂಗ್ ಮಶೀನಿನ ಪರಿಹಾರ ಹೇಳಿದೆನೋ ನೆನಪಿಲ್ಲ. ನಡುವೆ ತಿಲಕ್ ಫೋನು ಮಾಡಿದ. "ಅತ್ತೆ ಬರಲಿಲ್ಲ ಅಲ್ಲ? ನಾನು ಟಿಕೆಟ್ ಕೌಂಟರ್ ಹತ್ರ ನಿಂತು ನಿಂತು ಸಾಕಾಯ್ತು."

"ಬರಾಕತ್ತಾರ್ರಿ. ಗಾಡಿ ಲೇಟು," ಎಂದೆ. ಮುಂಬೈಯಲ್ಲಿ ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಚೆಂಬೂರಿನಲ್ಲಿ ನಡೆದದ್ದನ್ನು ಕಾಕು ಸಂಜೆ ತಾನೇ ಹೇಳಿದಳು. ಮೊದಲು ಕಣ್ಣಲ್ಲಿ ನೀರು ಬಂತಂತೆ. ಮಂದಿ ಹತ್ತುತ್ತಾರೆ, ಇಳಿಯುತ್ತಾರೆ, ಕಿಟಕಿಯ ಸರಳಿಗೆ ಯಾರೂ ಬಡಿಯುವುದಿಲ್ಲ. ಕೇಳೋಣವೆಂದರೆ ಕೈಯಲ್ಲಿ ಬಾಣಂತಿಯ ಊಟ. ಆಗ ಊರಿನ ಇನ್ನೊಂದು ಪದ್ಧತಿ ನೆನಪಾಯಿತು. ಹೊರಟಾಗ ಅಪಶಕುನವಾದರೆ ತಿರುಗಿ ಬಂದು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಕೂತು, ನೀರು ಕುಡಿದು ಏಳುತ್ತಾರೆ. ಹಾಗೆ ಮಾಡಿದರೆ ಆ ಹೊರಡುವಿಕೆ ರದ್ದಾಯಿತು. ಎದ್ದ ಮೇಲೆ ಹೊಸದು ಶುರು. ಕಾಕು ಬೆಂಚಿನ ಮೇಲೆ ಕೂತಳು. ಡಬ್ಬಿ ಕೆಳಗಿಟ್ಟಳು. ನಳದ ನೀರು ಕುಡಿದಳು.

"ಆವಾಗ ನಾ ಎಲ್ಲಿಗೂ ಹೊಂಟಾಕಿ ಅಲ್ಲಲ್ಲ," ಎಂದಳು ನನಗೆ, ಸಣ್ಣ ಮಗುವಿಗೆ ತಿಳಿಹೇಳುವಂತೆ. "ಚೆಂಬೂರಾಗ ಸುಮ್ನ ಕುಂತಾಕಿ. ಕುಂತಾಕಿ ಏನರೆ ಕೇಳಬಹುದು."

ಹಾಗೆ ಕೂತವಳು ಕಂಡಕಂಡವರನ್ನೆಲ್ಲ ಕೇಳಿದಳು. ಒಬ್ಬ ಬಸ್ಸು ಹಿಡಿ ಅಂದ. ಒಬ್ಬಳು ತಿರುಗಿ ವಡಾಳಾಕ್ಕೆ ಹೋಗು ಅಂದಳು. ಒಬ್ಬ ತನಗೆ ಗೊತ್ತಿಲ್ಲ ಎನ್ನಲು ನಾಚಿ ಸುಮ್ಮನೆ ಆಕಾಶದ ಕಡೆ ಕೈ ತೋರಿಸಿದ. ಇಬ್ಬರು ಒಂದೇ ಮಾತು ಹೇಳುವ ತನಕ ಈಕೆ ಕೇಳುವುದನ್ನು ಬಿಡಲಿಲ್ಲ: ಕುರ್ಲಾಕ್ಕೆ ಹೋಗು, ಅಲ್ಲಿ ಗಾಡಿ ಬದಲಿಸಿ ದಾದರ್, ಅಲ್ಲಿ ಬದಲಿಸಿ ಗ್ರಾಂಟ್ ರೋಡ್. ಕುರ್ಲಾದಲ್ಲಿ ಇಳಿದು ಮತ್ತೆ ಕೂತಳು, ಡಬ್ಬಿ ಇಟ್ಟಳು, ನೀರು ಕುಡಿದಳು, ಕೇಳಿದಳು. ದಾದರಿನಲ್ಲಿ ಕೂಡಲು ಜಾಗವೇ ಸಿಗದೆ ಮೆಟ್ಟಿಲ ಮೇಲೆ ಕೂತು, ಹತ್ತಿಳಿಯುವವರ ಬಯ್ಗುಳ ತಿಂದು, ಅವರನ್ನೇ ಕೇಳಿದಳು. ಟಿಕೆಟ್ ಚೆಕ್ಕರ್ ಒಬ್ಬ ಹಿಡಿದನಂತೆ. ಅವನನ್ನೂ ಕೇಳಿದಳು. ಅವನು ಟಿಕೆಟ್ಟನ್ನೊಮ್ಮೆ, ಈಕೆಯನ್ನೊಮ್ಮೆ ನೋಡಿ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಪ್ಲಾಟ್‌ಫಾರ್ಮ್ ತೋರಿಸಿ ಹೋದನಂತೆ.

ಮುಟ್ಟುವ ಹೊತ್ತಿಗೆ ಬಾಣಂತಿಯ ಊಟದ ಹೊತ್ತು ಮೀರಿತ್ತು. ಬೀಗತಿ ಬಾಗಿಲಲ್ಲೇ ನಿಂತಿದ್ದಳು.

"ಎಷ್ಟು ಹೊತ್ತು ಮಾರಾಯ್ತಿ! ನಮ್ಮ ಜೀವ ಹೋಗಿತ್ತು. ಹುಡುಗಿಗೆ ಗಂಜಿ ಕೊಟ್ಟೆ, ಅರ್ಧ ಬಿಟ್ಟಿದ್ದಾಳೆ."

"ಬಿಡ್ತಾಳ. ನನ್ನ ದಾರಿ ಕಾಯಾಕತ್ತಿದ್ದಳು," ಎಂದಳು ಕಾಕು.

ಒಳಗಿನಿಂದ ನೇತ್ರಾ ಮಗುವನ್ನು ಎತ್ತಿಕೊಂಡೇ ಎದ್ದು ಬಂದು, "ಅವ್ವಾ, ಅಕೇಲೀ ಆಯೀ? ಸಚ್ಚೀ?" ಅಂದಳಂತೆ. ಅದೇ ಮಾತನ್ನು ಕಾಕು ನನಗೆ ನಾಲ್ಕು ಸಲ ಹೇಳಿದಳು, ಪ್ರತಿ ಸಲವೂ ನೇತ್ರಾಳ ದನಿಯಲ್ಲೇ. ಸಾರು ತಣ್ಣಗಾಗಿತ್ತು. ಬೀಗತಿ ಅದನ್ನು ತನ್ನ ಒಲೆಯ ಮೇಲೆ ಬಿಸಿ ಮಾಡಿ, ಒಂದು ಚಮಚ ರುಚಿ ನೋಡಿ, "ಇಷ್ಟು ಖಾರ ಬಾಣಂತಿಗೆ ಕೊಡ್ತೀರ?" ಎಂದು ಕೇಳುತ್ತಲೇ ಇನ್ನೊಂದು ಚಮಚ ಕುಡಿದಳಂತೆ. ನೇತ್ರಾ ಪಾತ್ರೆ ಖಾಲಿ ಮಾಡಿದಳು. ತಿಲಕ್ ಗಡಿಯಾರ ನೋಡಿದ, ಅತ್ತೆಯನ್ನು ನೋಡಿದ. ಕೊಟ್ಟ ಮಾತು ಮಾತೇ. "ಆಯ್ತು ಅತ್ತೆ, ದಿನಾ ಬನ್ನಿ."

ಚೆಂಬೂರಿನ ಸುದ್ದಿ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. "ಅವರಿಗೆ ಹೇಳೀಯಂದ್ರ ನಾಳಿಂದ ನಿನ್ನ ತಾಟಿಗೆ ಬರೇ ಉಪ್ಪು," ಎಂದು ನನಗೆ ತಾಕೀತಾಯಿತು.

ನಾನು ಆಫೀಸಿನಲ್ಲಿ ಹೇಳಿದೆ, ಮನಸ್ಸು ತಡೆಯಲಿಲ್ಲ. "ಮ್ಯಾಡಮ್, ಎಣಿಕೆ ಸರಿ, ಸ್ಟೇಶನ್ ತಪ್ಪು. ಆಮ್ಯಾಲ ಎಣಿಕೇನೂ ಇಲ್ಲ, ಗುರಿ ಮುಟ್ಯಾರ. ಕೇಳೂ ಖಾನೆಗೆ ಹಳದಿ ಹಾಕಿದ್ದೆ, ಅದೊಂದರಿಂದನ ಮುಟ್ಟಿದ್ದು."

ಸೋನಾಲಿ ಮ್ಯಾಡಮ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಹಂಗಾದ್ರೆ ಹಸಿರು ಸರೀನೋ ತಪ್ಪೋ?"

"ನೀವೇ ಹೇಳಬೇಕ್ರಿ."

"ಮುಝೇ ಭೀ ನಹೀ ಪತಾ ಯಾರ್," ಎಂದಳು. ಆಕೆ ನನ್ನನ್ನು ಯಾರ್ ಎಂದು ಕರೆದದ್ದು ಅದೇ ಮೊದಲು. ಪುಣೆಗೆ ಬರೆಯುವ ಕೆಲಸ ಇಬ್ಬರಿಗೂ ಬೇಡವೆನಿಸಿತು. ಮುಂದಿನ ಮೂರು ತಿಂಗಳಿಗೆ ಇಬ್ಬರಿಗೆ ಕಲಿಸಿ ಎಂದು ಬರೆದುಕೊಂಡಳು.

ತಪ್ಪು ತಿದ್ದೋಣವೆಂದು ಮಾರನೇ ದಿನವೇ ನಾನು ಡ್ಯೂಟಿಗೆ ಮೊದಲು ಕಾಕುವನ್ನು ಸ್ಟೇಶನ್ನಿಗೆ ಕರೆದುಕೊಂಡು ಹೋಗಿ ಸರಿಯಾದ ಮೆಟ್ಟಿಲು, ಸರಿಯಾದ ಪ್ಲಾಟ್‌ಫಾರ್ಮ್ ತೋರಿಸಿದೆ. ಕೂತು, ನೀರು ಕುಡಿದು, ಕೇಳುವ ಪದ್ಧತಿಯನ್ನು ಇಲ್ಲಿಯೇ ಒಮ್ಮೆ ಮಾಡಿಬಿಟ್ಟರೆ ಸಾಕು ಎಂದೆ. "ಹೂಂ," ಎಂದಳು. ಆದರೂ ದಿನಾ ಆಕೆ ತಿರುಗಿ ಬರುವುದು ತಡ. ರಾತ್ರಿಯ ಪಾಳಿಯವರು ಖಾಲಿ ತಾಟು ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತು ಗೊಣಗತೊಡಗಿದರು. ವಾರದ ಮೇಲೆ ಕೇಳಿದೆ.

"ಯಾವ ದಾರಿಲೆ ಹೋಗ್ತೀರಿ ಕಾಕೂ?"

"ಚೆಂಬೂರ ಮ್ಯಾಲ ಹಾದು."

"ಸೀದಾ ಗಾಡಿ ಐತಿ! ಅರ್ಧಾ ಹೊತ್ತಿನ್ಯಾಗ ಮುಟ್ಟತದ!"

"ಆ ದಾರಿಲೆ ನಾ ಮುಟ್ಟಿದ್ದು ಖಾಲಿ ಕೈಲೆ," ಎಂದಳು ಕಾಕು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಬಾಣಂತಿ ಊಟ ಹಿಡಕೊಂಡು ಮುಟ್ಟಿದ್ದು ಈ ದಾರಿಲೆ. ಹಾಲು ಛಲೋ ಬರಾಕತ್ತಾವ, ಕೂಸು ಮೈ ಹಿಡದದ. ನಡದ ದಾರಿ ಬಿಟ್ಟು ನಾ ಯಾಕ ನಿನ್ನ ಸೀದಾ ದಾರಿಗೆ ಹೋಗ್ಲಿ?"

ಹಾಲು ಬರುವುದಕ್ಕೂ ಚೆಂಬೂರಿಗೂ ಸಂಬಂಧವಿಲ್ಲ ಎಂದು ಸಾಧಿಸಲು ನನ್ನ ಬಳಿ ಯಾವ ನಂಬರೂ ಇರಲಿಲ್ಲ.

ನನ್ನ ವಾರದ ರಜೆಯ ದಿನ, ಕಣ್ಣಾರೆ ನೋಡಿ ಹೇಗಾದರೂ ಸರಿದಾರಿಗೆ ತರೋಣವೆಂದು, ನಾನೂ ಹೊರಟೆ. ಹಾರ್ಬರ್ ಗಾಡಿ ಹತ್ತಿದೆವು. ಚೆಂಬೂರಿನಲ್ಲಿ ಇಳಿದೆವು. ಕಾಕು ತನ್ನ ಬೆಂಚಿಗೆ ಹೋಗಿ ಕೂತಳು. ಬುಟ್ಟಿಯಲ್ಲಿ ಹೂವಿಟ್ಟುಕೊಂಡವಳೊಬ್ಬಳು ಸರಿದು ಜಾಗ ಕೊಟ್ಟು, "ಬಚ್ಚೀ ಕೈಸೀ ಹೈ?" ಎಂದು ಕೇಳಿದಳು. ಡಬ್ಬಿ ಕೆಳಗಿಳಿಯಿತು. ನೀರು ಕುಡಿದದ್ದಾಯಿತು.

"ಇವತ್ತ ನೀ ಕೇಳು," ಎಂದಳು ನನಗೆ.

"ದಾರಿ ನಿಮಗ ಗೊತ್ತೈತೆಲ್ರಿ, ಮತ್ತ್ಯಾಕ?"

"ಕೇಳದ ಹೋಗಬಾರದು. ಕೇಳು."

ಬ್ಯಾಗು ಹಿಡಿದು ನಿಂತಿದ್ದ ಒಬ್ಬ ಸಭ್ಯ ಮನುಷ್ಯನನ್ನು ಕೇಳಿದೆ: ಗ್ರಾಂಟ್ ರೋಡಿಗೆ ಹೇಗೆ ಹೋಗಬೇಕು? ಎಲ್ಲಿಂದ ಬಂದಿರಿ ಎಂದ. ಜೋಗೇಶ್ವರಿ ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. ಜೋಗೇಶ್ವರಿಯಿಂದ ಸೀದಾ ಗಾಡಿ ಇರುವಾಗ ಚೆಂಬೂರಿಗೆ ಯಾಕೆ ಬಂದಿರಿ, ನಿಮಗೇನು ತಲೆ ಕೆಟ್ಟಿದೆಯೇ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. ನಾನು ವಾರದಿಂದ ಹೇಳುತ್ತಿದ್ದುದೇ ಅದು. ಸಾಕ್ಷಿ ಸಿಕ್ಕಿತೆಂದು ಹಿಗ್ಗಿ ಕಾಕುವಿನ ಕಡೆ ತಿರುಗಿದೆ.

ಕಾಕು ಡಬ್ಬಿಯ ಬಟ್ಟೆ ಬಿಗಿಮಾಡುತ್ತ, ತಲೆಯನ್ನೂ ಎತ್ತಲಿಲ್ಲ.

"ಅವಗೇನೂ ಗೊತ್ತಿಲ್ಲ. ಬ್ಯಾರೇದವರನ್ನ ಕೇಳು."